ಬಣ್ಣ ಬೇಕು, ಬೇರು ಬೇಡ

ಬೀದರಿಗೆ ನೆಂಟರು ಬಂದರೆ ನಾವು ಕೋಟೆ ತೋರಿಸುತ್ತೇವೆ, ಮಹಮೂದ್ ಗವಾನನ ಮದರಸಾ ತೋರಿಸುತ್ತೇವೆ, ಗುರುದ್ವಾರಕ್ಕೆ ಕರೆದೊಯ್ದು ಪ್ರಸಾದ ಉಣ್ಣಿಸಿ, ಬಿದರಿ ಕೆಲಸದ ಒಂದು ಡಬ್ಬಿ ಕೊಡಿಸಿ ಕಳಿಸುತ್ತೇವೆ. ಹೆಚ್ಚು ಪುರಸೊತ್ತಿದ್ದವರು ಅಷ್ಟೂರಿನ ಗುಂಬಜುಗಳನ್ನೂ ನೋಡಿ ಹೋಗುತ್ತಾರೆ. ಆದರೆ ಊರಿನ ಪಕ್ಕದಲ್ಲೇ ಇರುವ ಹಬ್ಶಿ ಕೋಟ್ ಗುಡ್ಡಕ್ಕೆ ಕರೆದೊಯ್ಯುವವರು ಕಡಿಮೆ. ಹಬ್ಶಿಗಳೆಂದರೆ ಆಫ್ರಿಕದ ಅಬಿಸೀನಿಯದಿಂದ, ಇಂದಿನ ಇಥಿಯೋಪಿಯದ ಕಡೆಯಿಂದ, ಗುಲಾಮರಾಗಿ, ಸಿಪಾಯಿಗಳಾಗಿ ಬಂದು ಇಲ್ಲಿ ಸರದಾರರಾಗಿ ಬೆಳೆದವರು. ಅವರ ಗೋರಿಗಳು ಆ ಗುಡ್ಡದ ಮೇಲಿವೆ. ಅಷ್ಟೂರಿನ ದಾರಿಯಲ್ಲಿ ಇರಾನಿನ ಕಿರ್ಮಾನ್ ಕಡೆಯಿಂದ ಬಂದ ಸಂತ ಮನೆತನದ ಚೌಖಂಡಿ ನಿಂತಿದೆ. ಕಪ್ಪು ಬಣ್ಣದ ಪರದೇಶಿಗಳೂ ಬಿಳಿ ಬಣ್ಣದ ಪರದೇಶಿಗಳೂ ನಮ್ಮ ಊರಿನ ಮಣ್ಣಿನಲ್ಲೇ ಮಲಗಿದ್ದಾರೆ. ಅವರಿಗೂ ಇಲ್ಲಿಯ ಹೆಣ್ಣುಮಕ್ಕಳಿಗೂ ಹುಟ್ಟಿದ ಮಕ್ಕಳು ಏನಾದರು? ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ನನಗೆ ಈ ಪ್ರಶ್ನೆ ಪುಸ್ತಕ ಓದಿ ಹುಟ್ಟಿದ್ದಲ್ಲ. ನನ್ನ ತಂದೆ ಭಾಲ್ಕಿ ತಾಲೂಕಿನ ಲಿಂಗಾಯತ ಒಕ್ಕಲುಮನೆಯವರು, ಕನ್ನಡ ಶಾಲೆಯ ಮಾಸ್ತರರು. ತಾಯಿ ಸಿಕಂದರಾಬಾದಿನ ಲಾಲಾಗುಡದ ಆಂಗ್ಲೋ-ಇಂಡಿಯನ್ ಮನೆಯ ಮಗಳು. ಅವಳ ತಂದೆ ನಿಜಾಮರ ರೈಲ್ವೆಯಲ್ಲಿ ಎಂಜಿನ್ ಡ್ರೈವರ್ ಆಗಿದ್ದರು. ನರ್ಸ್ ಕೆಲಸಕ್ಕೆಂದು ಬೀದರಿಗೆ ಬಂದವಳು ಇಲ್ಲಿಯ ಸೊಸೆಯಾದಳು. ನಾನು ಅವಳ ಬಣ್ಣ ಹೊತ್ತು ಹುಟ್ಟಿದೆ. ಬಿಳಿ ಮೈ, ಕಂದುಗೂದಲು, ಬೆಕ್ಕಿನ ಕಣ್ಣು. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳಾದ ತಂಗಿಗೆ ಅಪ್ಪನ ಬಣ್ಣ ಬಂತು, ನಮ್ಮ ಎರೆಹೊಲದ ಬಣ್ಣ. ಇಬ್ಬರೂ ಜೊತೆಯಲ್ಲಿ ಬಜಾರಿಗೆ ಹೋದರೆ, "ಇಬ್ರೂ ಒಂದೇ ಹೊಟ್ಟಿ ಮಕ್ಳೇನ್ರಿ ಬಾಯಿ?" ಎಂದು ಅಮ್ಮನನ್ನು ಕೇಳುತ್ತಿದ್ದರು. ಅಷ್ಟರಲ್ಲಿ ನಮ್ಮ ಕಡೆಯ ಮಾತು ಕಲಿತಿದ್ದ ಅಮ್ಮ ನಗುತ್ತ, "ಒಂದೇ ಹಂಚಿನ ರೊಟ್ಟಿ ಅವ. ಒಂದು ಜರಾ ಜಾಸ್ತಿ ಬೆಂದದ" ಎನ್ನುತ್ತಿದ್ದಳು.

ನಾನು ಉಂಡು ಬೆಳೆದದ್ದು ಜೋಳದ ರೊಟ್ಟಿ, ಪುಂಡಿಪಲ್ಯ. ಆಡುವುದು ಭಾಲ್ಕಿಯ ಕನ್ನಡ. ಆದರೂ ಬಸ್ಸು ಹತ್ತಿದರೆ ಹೊಸ ಕಂಡಕ್ಟರು ನನ್ನೊಡನೆ ಇಂಗ್ಲಿಷಿಗೆ ತಡಕಾಡುತ್ತಾನೆ. "ಒಂದ್ ಭಾಲ್ಕಿ ಕೊಡ್ರಿ" ಎಂದೊಡನೆ ಮುಂದಿನ ಸಾಲಿನವರೆಲ್ಲ ಹೊರಳಿ ನೋಡುತ್ತಾರೆ. ಶಾಲೆಯಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ಆಡಿಸಿದರೆ ನನಗೆ ಪ್ರತಿ ಸಲವೂ ಥ್ಯಾಕರೆ ಸಾಹೇಬನ ಪಾತ್ರ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಬಾಗಿಲಲ್ಲಿ ಸತ್ತ ಆ ಕಲೆಕ್ಟರನಾಗಿ ನಾನು ನಾಲ್ಕು ವರ್ಷ ಸತತ ಸತ್ತೆ. ಚೆನ್ನಮ್ಮನಾಗುವ ಆಸೆ ನನಗೂ ಇತ್ತು. ಮಾತು ಬಾಯಿಪಾಠವೂ ಇತ್ತು. ಆದರೆ ಬಣ್ಣ ನೋಡಿದ ಕೂಡಲೆ ಪಾತ್ರ ನಿಶ್ಚಯವಾಗಿಬಿಡುತ್ತಿತ್ತು.

ಮುಂದೆ ಬಿ.ಎ.ಯಲ್ಲಿ ಇತಿಹಾಸ ಓದಿದೆ, ಬಿ.ಎಡ್. ಮುಗಿಸಿ ಔರಾದ ಕಡೆಯ ಒಂದು ಶಾಲೆಗೆ ಸಮಾಜ ವಿಜ್ಞಾನ ಕಲಿಸಲು ಹೋದೆ. ನಮ್ಮ ಬಹಮನಿ ಕಾಲದ ಕಥೆಯನ್ನು ಮಕ್ಕಳಿಗೆ ಹೇಳುವಾಗಲೇ ನನಗೆ ಹೊಳೆದದ್ದು: ಬಣ್ಣ ನೋಡಿ ಪಾತ್ರ ಕೊಡುವ ನಾಟಕ ಬೀದರಿನಲ್ಲಿ ಐದು ನೂರು ವರ್ಷಗಳ ಹಿಂದೆಯೇ ನಡೆದಿತ್ತು.

15ನೆಯ ಶತಮಾನದ ಮೊದಲ ಅರ್ಧದಲ್ಲಿ ಅಹಮದ್ ಷಾ ಬಹಮನಿ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದ. ಇರಾನ್, ಮಧ್ಯ ಏಷ್ಯ, ಅರಬಸ್ತಾನಗಳಿಂದ ಪಂಡಿತರು, ಕುದುರೆ ವ್ಯಾಪಾರಿಗಳು, ಸಿಪಾಯಿಗಳು ಹಡಗು ಹತ್ತಿ ಬಂದರು. ಅವರನ್ನು ಆಫಾಕಿಗಳೆಂದು, ಗರೀಬರೆಂದು ಕರೆಯುತ್ತಿದ್ದರು. ಇಲ್ಲಿ ಗರೀಬ ಎಂದರೆ ಬಡವನಲ್ಲ, ಪರದೇಶದವನು. ಮೊದಲಿನಿಂದ ಇಲ್ಲಿ ನೆಲೆಸಿದವರು ದಖನಿಗಳು. ಹಬ್ಶಿಗಳೂ ಪರದೇಶದಿಂದಲೇ ಬಂದವರು. ಆದರೆ ಪಕ್ಷ ಕಟ್ಟುವಾಗ ಅವರು ದಖನಿಗಳ ಕಡೆ ನಿಂತರು. ಹಬ್ಶಿ ತಂದೆಗೂ ಇಲ್ಲಿಯ ತಾಯಿಗೂ ಹುಟ್ಟಿದ ಮಕ್ಕಳಿಗೆ ಮುವಲ್ಲದ್ ಎಂಬ ಬೇರೆಯೇ ಹೆಸರಿತ್ತು, ಅವರೂ ಅದೇ ಪಕ್ಷದಲ್ಲಿ ಎಣಿಕೆಯಾದರು. ದೊಡ್ಡ ಹುದ್ದೆ, ಜಹಗೀರುಗಳಿಗಾಗಿ ಈ ಎರಡು ಪಕ್ಷಗಳ ನಡುವೆ ನಡೆದ ಜಗಳ ರಕ್ತಪಾತಕ್ಕೂ ಹೋಯಿತು. ಸುಮಾರು 1447ರಲ್ಲಿ ಪುಣೆಯ ಹತ್ತಿರದ ಚಾಕಣದಲ್ಲಿ ಆಫಾಕಿಗಳ ದೊಡ್ಡ ಕಗ್ಗೊಲೆಯಾಯಿತು. ಗಿಲಾನಿನಿಂದ ಬಂದ ಮಹಮೂದ್ ಗವಾನ ಮಂತ್ರಿಯಾದಾಗ ಎರಡೂ ಪಕ್ಷಕ್ಕೆ ಹುದ್ದೆ ಹಂಚಿ ಸಮ ತೂಗಿಸಲು ನೋಡಿದ. ಮದರಸಾ ಕಟ್ಟಿಸಿದ್ದು 1472ರಲ್ಲಿ. ಒಂದು ಸುಳ್ಳು ಪತ್ರ ಸೃಷ್ಟಿಸಿ ಅವನ ತಲೆ ತೆಗೆಸಿದ್ದು 1481ರಲ್ಲಿ.

ಗವಾನನ ಕಾಲದಲ್ಲೇ, 1470ರ ಆಸುಪಾಸಿನಲ್ಲಿ, ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದ. ಹಡಗಿನಿಂದ ಚೌಲಿನಲ್ಲಿ ಇಳಿದಾಗ ಬಿಳಿ ಮನುಷ್ಯನನ್ನು ನೋಡಲು ಜನ ತನ್ನ ಬೆನ್ನು ಹತ್ತಿದರೆಂದು ಅವನು ಬರೆದಿಟ್ಟಿದ್ದಾನೆ. ಅವನು ಖೋಜಾ ಯೂಸುಫ್ ಖೊರಾಸಾನಿ ಎಂಬ ಹೆಸರಿನಿಂದ ತಿರುಗಿದ. ಬಿಳಿ ಬಣ್ಣ, ಖೊರಾಸಾನಿ ಹೆಸರು, ಎರಡೂ ಸೇರಿದರೆ ದಖನ್ನಿನಲ್ಲಿ ಬಾಗಿಲು ತೆರೆಯುತ್ತಿತ್ತು. ಜುನ್ನರಿನಲ್ಲಿ ಅವನು ಮುಸಲ್ಮಾನನಲ್ಲ ಎಂದು ಗೊತ್ತಾದೊಡನೆ ಅಲ್ಲಿಯ ಅಧಿಕಾರಿ ಅವನ ಕುದುರೆ ಕಸಿದುಕೊಂಡ. ಬಣ್ಣದ ಮರ್ಯಾದೆ ಎಷ್ಟು ತೆಳುವಾದದ್ದು ನೋಡಿ. ಬೇರು ಯಾವುದೆಂದು ತಿಳಿಯುವ ತನಕ ಮಾತ್ರ ಅದರ ಆಯುಷ್ಯ.

ನಿಕಿತಿನ್ ಪರದೇಶಿಯಾಗಿ ಬಂದು ಪರದೇಶಿಯಾಗಿಯೇ ಹೊರಟುಹೋದ. ಇಲ್ಲಿಯೇ ಹುಟ್ಟಿದವರ ಗತಿ ಬೇರೆ. ಅದಕ್ಕೆ ನಾನು ತರಗತಿಯಲ್ಲಿ ಹೇಳುವ ಉದಾಹರಣೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ.

ಇಸ್ಮಾಯಿಲನ ತಂದೆ ಯೂಸುಫ್ ಗುಲಾಮನಾಗಿ ಪಶ್ಚಿಮದಿಂದ ಬಂದು ಬೀದರಿನ ದರಬಾರಿನಲ್ಲಿ ಗವಾನನ ನೆರಳಲ್ಲಿ ಬೆಳೆದವನು, ಮುಂದೆ ಬಿಜಾಪುರದಲ್ಲಿ ಸ್ವತಂತ್ರನಾದವನು. ಅವನು ಮದುವೆಯಾದದ್ದು ಮುಕುಂದರಾವ್ ಎಂಬ ಮರಾಠ ನಾಯಕನ ತಂಗಿಯನ್ನು. ಅವಳಿಗೆ ಬೂಬೂಜಿ ಖಾನಂ ಎಂಬ ಹೆಸರಾಯಿತು. 1510ರಲ್ಲಿ ಯೂಸುಫ್ ತೀರಿಕೊಂಡಾಗ ಇಸ್ಮಾಯಿಲ್ ಇನ್ನೂ ಹುಡುಗ. ರಾಜ್ಯ ನೋಡಿಕೊಳ್ಳುತ್ತಿದ್ದ ಕಮಾಲ್ ಖಾನ್ ದಖನಿ ತಾನೇ ಗಾದಿ ಏರಲು ಸಂಚು ಹೂಡಿದ. ಅದನ್ನು ಮುರಿದವಳು ಬೂಬೂಜಿ ಖಾನಂ. ನಂಬಿಕೆಯ ಒಬ್ಬ ತುರ್ಕನನ್ನು ಕಳಿಸಿ ಕಮಾಲ್ ಖಾನನನ್ನು ಇರಿಸಿದಳು. ಅವನ ಮಗ ಅರಮನೆಗೆ ಮುತ್ತಿಗೆ ಹಾಕಿದಾಗ ಯೂಸುಫನ ಬಳಗದ ದಿಲ್‌ಶಾದ್ ಆಗಾ ಎಂಬ ಹೆಂಗಸು ಗಂಡುವೇಷ ತೊಟ್ಟು, ಬಿಲ್ಲು ಹಿಡಿದು ಗೋಡೆಯ ಮೇಲೆ ಕಾದಿದಳೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಮರಾಠ ತಾಯಿಯ ಧೈರ್ಯದಿಂದ ಹುಡುಗನ ಜೀವವೂ ಗಾದಿಯೂ ಉಳಿದವು.

ಉಳಿದ ಮೇಲೆ ಅವನು ಮಾಡಿದ್ದೇನು? ತನ್ನ ಸೈನ್ಯಕ್ಕೆ ದಖನಿಗಳನ್ನೂ ಹಬ್ಶಿಗಳನ್ನೂ ಸೇರಿಸಬಾರದು, ಪರದೇಶದಿಂದ ಬಂದವರನ್ನೇ ಸೇರಿಸಬೇಕು ಎಂದು ನಿಯಮ ಮಾಡಿದ. ಪರದೇಶಿ ತಂದೆಗೆ ಈ ನೆಲದಲ್ಲಿ ಹುಟ್ಟಿದ ಮಕ್ಕಳಿಗೂ ಅಲ್ಲಿ ಜಾಗವಿರಲಿಲ್ಲ. ಹನ್ನೆರಡು ವರ್ಷ ಇದು ಬಿಗಿಯಾಗಿ ನಡೆಯಿತು. ಕೊನೆಗೆ ಪರದೇಶಿ ಸರದಾರರೇ ಬೇಡಿಕೊಂಡದ್ದರಿಂದ ಅವರ ಮಕ್ಕಳಿಗೆ ಬಾಗಿಲು ತೆರೆದ. ಆಮೇಲೆ ಅಫಘಾನರು, ರಜಪೂತರು ಬಂದರು. ಅವರೂ ದಖನ್ನಿನಲ್ಲಿ ಹುಟ್ಟಿದವರಾಗಿರಬಾರದು! 1529ರ ಸುಮಾರಿಗೆ ಇದೇ ಇಸ್ಮಾಯಿಲ್ ಬೀದರಿನ ಕೋಟೆಯನ್ನೂ ವಶಮಾಡಿಕೊಂಡ.

ಈ ಪಾಠ ಹೇಳಿ ಮುಗಿಸಿದ ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಔರಾದ ಕಡೆಯ ಮಕ್ಕಳು ಮನೆಯಲ್ಲಿ ಮರಾಠಿ, ಓಣಿಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ ಆಡಿ ಶಾಲೆಗೆ ಬಂದು ಕನ್ನಡ ಕಲಿಯುವವರು. ಬೆರಕೆಯ ಲೆಕ್ಕ ಅವರಿಗೆ ಬೇಗ ತಿಳಿಯುತ್ತದೆ. "ಹಂಗಾದ್ರ ಟೀಚರ್, ಆ ರಾಜಾ ತನ್ನ ಸೈನ್ಯಕ್ಕ ತಾನೇ ಸೇರ್ಲಿಕ್ಕಿ ಬರ್ತಿದ್ದಿಲ್ಲಲ್ರಿ?" ಎಂದಳು. ಇಡೀ ತರಗತಿ ನಕ್ಕಿತು. ಆ ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ದಖನ್ನಿನಲ್ಲಿ ಹುಟ್ಟಿದ, ಮರಾಠ ತಾಯಿಯ ಮಗ ಅವನು. ತಂದೆಯ ಬಣ್ಣದ ಕಡೆ ನಿಲ್ಲಬೇಕಾದರೆ ತಾಯಿಯ ಪಾಲನ್ನು ಇಲ್ಲವೆನ್ನಬೇಕಾಯಿತು. ಹಾಗೆ ಇಲ್ಲವೆನ್ನುವವರು ಹೆಚ್ಚಾಗಿ ತಮ್ಮಂಥವರ ಮೇಲೆಯೇ ಮೊದಲು ಬಾಗಿಲು ಹಾಕುತ್ತಾರೆ.

ಇದು ಸುಲ್ತಾನರ ಕಾಲಕ್ಕೆ ಮುಗಿಯಲಿಲ್ಲ. 18ನೆಯ ಶತಮಾನದಲ್ಲಿ ನಮ್ಮ ಬೀದರ ಹೈದರಾಬಾದಿನ ನಿಜಾಮರ ಕೈಗೆ ಹೋಯಿತು, 1948ರ ತನಕ ಅವರ ರಾಜ್ಯದಲ್ಲೇ ಇತ್ತು. ಹೈದರಾಬಾದಿಗೆ ಈಗ ಬೇರೆ ಬಿಳಿಯರು ಬಂದರು, ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷರು. ಅವರಿಗೂ ಇಲ್ಲಿಯ ಹೆಣ್ಣುಮಕ್ಕಳಿಗೂ ಮಕ್ಕಳಾದವು. 1791ರಲ್ಲಿ ಕಂಪನಿ ಒಂದು ನಿಯಮ ಮಾಡಿತು: ಭಾರತೀಯ ತಾಯಿಯ ಮಗನಿಗೆ ತನ್ನ ಸಿವಿಲ್, ಸೈನ್ಯ, ನೌಕಾ ನೌಕರಿಗಳಲ್ಲಿ ಜಾಗವಿಲ್ಲ. 1795ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ, ತಂದೆ ತಾಯಿ ಇಬ್ಬರೂ ಯುರೋಪಿಯನ್ನರಲ್ಲದವರು ಸೈನ್ಯದಲ್ಲಿ ಕೊಳಲು ಊದಬಹುದು, ತಮಟೆ ಬಾರಿಸಬಹುದು, ಕುದುರೆಗೆ ಲಾಳ ಕಟ್ಟಬಹುದು, ಅಷ್ಟೇ ಎಂದಿತು. ಇಸ್ಮಾಯಿಲನ ನಿಯಮವೇ ಬೇರೆ ಭಾಷೆಯಲ್ಲಿ ಬಂದಂತೆ!

ಜನರಲ್ ಪಾಮರ್ ಎಂಬ ಇಂಗ್ಲಿಷ್ ಅಧಿಕಾರಿಗೂ ಫೈಜ್ ಬಕ್ಷ್ ಬೇಗಂಗೂ ಹುಟ್ಟಿದ ವಿಲಿಯಂ ಪಾಮರ್ ಹೀಗೆ ಕಂಪನಿಯ ಬಾಗಿಲು ಮುಚ್ಚಿದ್ದರಿಂದ ನಿಜಾಮರ ಸೈನ್ಯ ಸೇರಿದ. ಆಮೇಲೆ ಹೈದರಾಬಾದಿನಲ್ಲಿ ಸಾಹುಕಾರಿ ಕೋಠಿ ತೆರೆದು ನಿಜಾಮ ಸರಕಾರಕ್ಕೇ ಸಾಲ ಕೊಡುವಷ್ಟು ಬೆಳೆದ. ಅವನ ಮಗಳು ಮೇರಿಯನ್ನು ಮದುವೆಯಾದವನು ನಮ್ಮ ಸುರಪುರದವರು ಇಂದಿಗೂ ನೆನೆಯುವ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಆ ಟೇಲರ್ ಸಾಹೇಬನ ಮಕ್ಕಳ ಮುತ್ತಜ್ಜಿ ಈ ನೆಲದ ಬೇಗಂ ಎಂಬುದು ಎಷ್ಟು ಜನಕ್ಕೆ ಗೊತ್ತು?

ಇದಕ್ಕಿಂತ ನನ್ನ ಎದೆ ಹಿಂಡುವುದು ಕಿಟ್ಟಿಯ ಕಥೆ. ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಖೈರುನ್ನಿಸಾ ಎಂಬ ದೊಡ್ಡ ಮನೆತನದ ಹುಡುಗಿಯನ್ನು ಮದುವೆಯಾದ. ಅವನು ಕೋಠಿಯಲ್ಲಿ ಕಟ್ಟಿಸಿದ ರೆಸಿಡೆನ್ಸಿಯಲ್ಲಿ ಮುಂದೆ ಹೆಣ್ಣುಮಕ್ಕಳ ಕಾಲೇಜು ಬಂತು, ಇಂದು ಮಹಿಳಾ ವಿಶ್ವವಿದ್ಯಾಲಯವಿದೆ. ಅವರಿಗೆ 1801ರಲ್ಲಿ ಸಾಹಿಬ್ ಆಲಂ, 1802ರಲ್ಲಿ ಸಾಹಿಬ್ ಬೇಗಂ ಹುಟ್ಟಿದರು. 1805ರಲ್ಲಿ ಇಬ್ಬರನ್ನೂ ಮದ್ರಾಸಿನಿಂದ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಲಾಯಿತು. ಹೋಗುವ ಮೊದಲು ಚಿತ್ರಕಾರ ಚಿನ್ನರಿ ಬರೆದ ಪಟದಲ್ಲಿ ಆ ಮಕ್ಕಳು ಹೈದರಾಬಾದಿನ ಜರತಾರಿ ಉಡುಪಿನಲ್ಲಿ ನಿಂತಿದ್ದಾರೆ. ಮಕ್ಕಳು ಸಮುದ್ರದ ಮೇಲಿದ್ದಾಗಲೇ ತಂದೆ ಕಲ್ಕತ್ತೆಯಲ್ಲಿ ತೀರಿಕೊಂಡ. ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಗಿ ಹುಡುಗ ವಿಲಿಯಂ ಜಾರ್ಜ್ ಆದ, ಹುಡುಗಿ ಕ್ಯಾಥರಿನ್ ಅರೋರಾ ಆದಳು, ಮನೆಯವರ ಬಾಯಲ್ಲಿ ಕಿಟ್ಟಿ. ತಾಯಿ ಖೈರುನ್ನಿಸಾ ಅವರನ್ನು ಮತ್ತೆ ನೋಡಲೇ ಇಲ್ಲ. 1813ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ಸತ್ತಳು.

ಕಿಟ್ಟಿ ಬಿಳಿಯಾಗಿದ್ದಳು, ಚೆಲುವೆಯಾಗಿದ್ದಳು, ಆಸ್ತಿಯೂ ಇತ್ತು. ದೊಡ್ಡ ಲೇಖಕನಾದ ಥಾಮಸ್ ಕಾರ್ಲೈಲ್ ಕೂಡ ಅವಳಿಗೆ ಮನಸೋತವನು. 1829ರಲ್ಲಿ ಒಬ್ಬ ಸೈನ್ಯಾಧಿಕಾರಿಯನ್ನು ಮದುವೆಯಾಗಿ ಇಂಗ್ಲಿಷ್ ಗೃಹಿಣಿಯಾಗಿ ಬಾಳಿದಳು. ಆದರೆ ಒಮ್ಮೆ ಹೈದರಾಬಾದಿನಲ್ಲಿ ಅಧಿಕಾರಿಯಾಗಿದ್ದವನೊಬ್ಬನ ಮನೆಗೆ ಹೋದಾಗ ಗೋಡೆಯ ಮೇಲೆ ಚಿನ್ನರಿಯ ಆ ಪಟ ಕಂಡು ಬಿಕ್ಕಿಬಿಕ್ಕಿ ಅತ್ತಳಂತೆ. 1841ರಲ್ಲಿ ಹೈದರಾಬಾದಿನಲ್ಲಿ ತನ್ನ ಅಜ್ಜಿ ಶರಫುನ್ನಿಸಾ ಇನ್ನೂ ಬದುಕಿದ್ದಾಳೆಂದು ತಿಳಿದು ಕಾಗದ ಬರೆದಳು. ಮೊಮ್ಮಗಳಿಗೆ ಪಾರಸಿ ಬಾರದು, ಅಜ್ಜಿಗೆ ಇಂಗ್ಲಿಷ್ ಬಾರದು. ಯಾರೋ ಅನುವಾದಿಸಿದ ಕಾಗದಗಳ ಮೂಲಕವೇ ಇಬ್ಬರೂ ಮುಖ ನೋಡದೆ ಕಣ್ಣೀರು ಹಂಚಿಕೊಂಡರು. ಕಿಟ್ಟಿಯ ಬಣ್ಣ ಅವಳಿಗೆ ಎಲ್ಲವನ್ನೂ ಕೊಟ್ಟಿತು. ಬೆಲೆಯಾಗಿ ತೆಗೆದುಕೊಂಡದ್ದು ತಾಯಿಯನ್ನು, ತಾಯಿಯ ಮಾತನ್ನು.

ಇದು ಅರಮನೆಯವರ ಮಾತಾಯಿತು. ರೈಲ್ವೆ ಕ್ವಾರ್ಟರ್ಸಿನ ಮಾತು ಹೇಳುತ್ತೇನೆ. ಲಾಲಾಗುಡದ ನಮ್ಮ ಅಜ್ಜನ ಮನೆಯ ಗೋಡೆಯಲ್ಲಿ ಮುತ್ತಜ್ಜನ ಫೋಟೋ ಇತ್ತು, ಟೋಪಿ, ಮೀಸೆ, ಜೇಬಿನ ಗಡಿಯಾರ ಸಮೇತ. ಮುತ್ತಜ್ಜಿಯ ಫೋಟೋ ಇರಲಿಲ್ಲ. ಚರ್ಚಿನ ಪುಸ್ತಕದಲ್ಲಿ ಅವಳ ಹೆಸರು ಎಲ್ಲೆನ್. ಆದರೆ ಅವಳ ಮಡಿಲಲ್ಲಿ ಮಲಗಿ ಬೆಳೆದ ನನ್ನ ಅಮ್ಮನಿಗೆ ಗೊತ್ತಿತ್ತು: ಅವಳು ವಾರಂಗಲ್ ಕಡೆಯ ಎಲ್ಲಮ್ಮ. ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ರೈಲ್ವೆಯ ದೊಡ್ಡ ಸಾಹೇಬರ ಮನೆಯವರು ಚಹಾಕ್ಕೆ ಬಂದ ದಿನ ಎಲ್ಲಮ್ಮ ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಯಾರೂ ಬಯ್ದು ತಡೆದದ್ದಲ್ಲ. ತಾನೇ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂರುತ್ತಿದ್ದಳು. ಹೊರಗೆ ಮೊಮ್ಮಕ್ಕಳ ಬಿಳಿ ಬಣ್ಣವನ್ನು ಎಲ್ಲರೂ ಹೊಗಳುತ್ತಿದ್ದರು.

ಕಾನೂನು ಕೂಡ ಎಲ್ಲಮ್ಮನನ್ನು ಎಣಿಸುವುದಿಲ್ಲ. ನಮ್ಮ ಸಂವಿಧಾನದ 366ನೆಯ ವಿಧಿ ಆಂಗ್ಲೋ-ಇಂಡಿಯನ್ ಎಂದರೆ ಯಾರು ಎಂದು ಹೇಳುತ್ತದೆ. ತಂದೆ ಅಥವಾ ತಂದೆಯ ಗಂಡು ವಂಶದ ಹಿರಿಯರಲ್ಲಿ ಯಾರಾದರೂ ಯುರೋಪಿಯನ್ ಮೂಲದವರಾಗಿರಬೇಕು, ಇಲ್ಲಿಯೇ ನೆಲೆಸಿದ ತಂದೆತಾಯಿಗೆ ಇಲ್ಲಿಯೇ ಹುಟ್ಟಿರಬೇಕು. ಇದೇ ರೀತಿಯ ವ್ಯಾಖ್ಯೆ 1935ರ ಕಾಯಿದೆಯಲ್ಲೂ ಇತ್ತು. ತಾಯಿ ಯಾರಾದರೇನು, ಲೆಕ್ಕಕ್ಕಿಲ್ಲ. ಆ ಲೆಕ್ಕದಲ್ಲಿ ನನ್ನ ಅಮ್ಮ ಆಂಗ್ಲೋ-ಇಂಡಿಯನ್, ಅವಳ ಬಣ್ಣ ಪೂರ್ತಿ ಹೊತ್ತ ನಾನು ಅಲ್ಲ. ಲೋಕಸಭೆಯಲ್ಲಿ ಆ ಸಮುದಾಯಕ್ಕಿದ್ದ ಎರಡು ನಾಮಕರಣದ ಸ್ಥಾನಗಳೂ ನಮ್ಮ ವಿಧಾನಸಭೆಯಲ್ಲಿದ್ದ ಒಂದು ಸ್ಥಾನವೂ 2020ರ ಜನವರಿಯಲ್ಲಿ 104ನೆಯ ತಿದ್ದುಪಡಿಯೊಂದಿಗೆ ನಿಂತುಹೋದವು. ವ್ಯಾಖ್ಯೆ ಮಾತ್ರ ಉಳಿದಿದೆ.

ಇದೆಲ್ಲ ನಮ್ಮ ಮನೆಯ ಪಡಸಾಲೆಯಲ್ಲಿ ಹೇಗೆ ಬಂದು ಕೂತಿತು ಎಂಬುದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನನ್ನು ನೋಡಲು ಬಂದವರು ಮೊದಲು ಕಣ್ಣರಳಿಸುತ್ತಿದ್ದರು. ಚಹಾ ಮುಗಿಯುವುದರೊಳಗೆ ತಾಯಿಯ ತವರು ಯಾವುದೆಂಬ ಮಾತು ಬರುತ್ತಿತ್ತು. ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದು ಎದ್ದು ಹೋಗುತ್ತಿದ್ದರು. ತಂಗಿಯದು ಇನ್ನೊಂದು ಬಗೆ. ಅವಳ ವಿಷಯದಲ್ಲಿ ತಾಯಿಯ ತವರಿನ ತನಕವೂ ಮಾತು ಹೋಗುತ್ತಿರಲಿಲ್ಲ, ಹೊಸ್ತಿಲಲ್ಲೇ ಮುಗಿಯುತ್ತಿತ್ತು. "ಅಕ್ಕನ ಬಣ್ಣ ಬಂದಿದ್ರ ಛಲೋ ಇತ್ತು" ಎಂದು ಅವಳ ಎದುರಿಗೇ ಹೇಳಿದವರುಂಟು. ಆ ರಾತ್ರಿ ಅವಳು ನನ್ನ ಮಗ್ಗುಲಲ್ಲಿ ಮಲಗದೆ ಅಪ್ಪನ ತಾಯಿಯ ಹತ್ತಿರ ಹೋಗಿ ಮಲಗಿದಳು. ಆಯಿ ಅವಳ ತಲೆ ನೇವರಿಸುತ್ತ, "ನನ್ ಮೊಮ್ಮಗಳು ನನ್ನಂಗs ಅದಾಳ, ಯಾರಿಗೇನು ತ್ರಾಸು?" ಎಂದದ್ದು ಕತ್ತಲಲ್ಲಿ ನನಗೂ ಕೇಳಿಸಿತು. ಈಗ ಇಬ್ಬರಿಗೂ ಮನೆ ಮಕ್ಕಳು ಎಲ್ಲ ಇವೆ. ಆದರೂ ಫೋಟೋ ತೆಗೆಸುವಾಗ ತಂಗಿ ನನ್ನ ಪಕ್ಕದಲ್ಲಿ ನಿಲ್ಲುವುದಿಲ್ಲ, ನಡುವೆ ಯಾರನ್ನಾದರೂ ನಿಲ್ಲಿಸಿಕೊಳ್ಳುತ್ತಾಳೆ.

ಬಿಳಿಯ ಬಣ್ಣದವರ ಎದುರಿಗೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ನಮ್ಮವಳೇ ಎಂಬ ಧೈರ್ಯದಿಂದ. ಒಂದು ಸಲ ಸಹೋದ್ಯೋಗಿಯೊಬ್ಬರು ಸೊಸೆ ಹುಡುಕುವ ಮಾತು ತೆಗೆದು, "ಆ ಹುಡುಗಿ ಹಬಶಿ ಹಂಗ ಕಪ್ಪು ಅದಾಳ್ರಿ, ನಿಮ್ಮಂಥಾಕಿ ಸಿಗಬೇಕು" ಎಂದರು. ಅದೇ ಉಸಿರಿನಲ್ಲಿ ಇನ್ನೊಂದು ಸಂಬಂಧದ ಸುದ್ದಿ ಹೇಳುತ್ತ, "ತಾಯಿ ಯಾವ ಕುಲದಾಕಿ ಗೊತ್ತಿಲ್ಲಂತ, ಬ್ಯಾಡ ಅಂದ್ವಿ" ಎಂದರು. ಮೊದಲನೆಯ ಮಾತಿನಲ್ಲಿ ನಾನು ಮೆಚ್ಚಿಗೆಯಾಗಿದ್ದೆ, ಎರಡನೆಯ ಮಾತಿನಲ್ಲಿ ಅವರ ಬಾಗಿಲ ಹೊರಗಿದ್ದೆ. ನಾನು ನಿಧಾನವಾಗಿ, "ನಮ್ಮ ಮುತ್ತಜ್ಜಿ ತೆಲುಗಿನ ಎಲ್ಲಮ್ಮ, ಮುತ್ತಜ್ಜ ಇಂಗ್ಲಿಷಿನವ, ಅಪ್ಪ ಭಾಲ್ಕಿಯವರು. ನೋಡ್ರಿ, ನನ್ನಂಥಾಕಿ ಬೇಕಂದ್ರ ಇಷ್ಟೆಲ್ಲಾ ಬೇಕಾಗ್ತದ" ಎಂದೆ. ಬಣ್ಣ ಬೇಕು, ಬೇರು ಬೇಡ. ಇದು ಹೇಗೆ ಸಾಧ್ಯ?

ಅಪ್ಪ ಒಂದು ಮಾತು ಆಗಾಗ ಹೇಳುತ್ತಿದ್ದರು. ನಿಜಾಮರ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. "ಬೋರ್ಡು ನೋಡಿ ಶಾಲಿ ಯಾವುದಂತ ಹೇಳಬ್ಯಾಡವ್ವ, ಒಳಗ ಹೋಗಿ ಕೂತು ಕೇಳಬೇಕು" ಎನ್ನುತ್ತಿದ್ದರು. ಅವರು ಅಮ್ಮನನ್ನು ಮನೆಗೆ ಕರೆತಂದದ್ದು ಅಂಥ ತಿಳಿವಳಿಕೆಯಿಂದ ಎಂದು ನನಗೆ ಈಗ ಅನಿಸುತ್ತದೆ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಇತಿಹಾಸದ ಪಾಠ ಶುರು ಮಾಡುವ ಮೊದಲು, ನಾನು ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ತಂದೆಯ ಕಡೆ ಮೂರು ತಲೆಮಾರಿನ ಹೆಸರು, ತಾಯಿಯ ಕಡೆ ಮೂರು ತಲೆಮಾರಿನ ಹೆಣ್ಣುಮಕ್ಕಳ ಹೆಸರು ಬರೆದು ತರಬೇಕು. ಮೊದಲನೆಯದು ಮರುದಿನವೇ ಬರುತ್ತದೆ. ಎರಡನೆಯದಕ್ಕೆ ಒಂದು ವಾರ ಬೇಕು. ಊರಿಗೆ ಫೋನು ಮಾಡಬೇಕು, ಮುದುಕಿಯರನ್ನು ಎಬ್ಬಿಸಿ ಕೂರಿಸಿ ಕೇಳಬೇಕು. ಕೆಲವು ಪಟ್ಟಿಗಳಲ್ಲಿ ಮೂರನೆಯ ಸಾಲು ಖಾಲಿಯೇ ಉಳಿಯುತ್ತದೆ. ಖಾಲಿ ಬಿಟ್ಟವರಿಗೆ ನಾನು ಅಂಕ ಕಡಿಮೆ ಮಾಡುವುದಿಲ್ಲ, ಇನ್ನೊಂದು ವಾರ ಕೊಡುತ್ತೇನೆ. ಹೋದ ವರ್ಷ ತಾಂಡಾದ ಒಬ್ಬ ಹುಡುಗಿ ಇಪ್ಪತ್ತು ದಿನದ ಮೇಲೆ ಓಡಿಬಂದು, "ಸಿಕ್ತ್ರಿ ಟೀಚರ್, ಹೆಸರು ಸಿಕ್ತು" ಎಂದು ಹಾಳೆ ತೋರಿಸಿದಳು. ಸಾಧ್ಯವಾದರೆ ನೀವೂ ಈ ವಾರ ನಿಮ್ಮ ತಾಯಂದಿರನ್ನು ಕೇಳಿ ನೋಡಿ. ಕೇಳುವಷ್ಟು ದಿನ ಅವರು ನಮ್ಮ ಜೊತೆಗಿರುತ್ತಾರೆ ಎನ್ನುವ ಭರವಸೆ ಯಾರಿಗೂ ಇಲ್ಲ.